ಜೂಡೋ ಕಟ್ಟಿದ ಹೆಡ್‌ಮಾಸ್ಟರು ಜಿಗೊರೊ ಕಾನೊ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನಮ್ಮ ಮೇಷ್ಟ್ರುಗಳನ್ನು ನೆನೆದು ಅನೇಕರು ಬರೆದಿರುತ್ತಾರೆ. ನಾನು ದೂರದ ಒಬ್ಬ ಮೇಷ್ಟ್ರ ಬಗ್ಗೆ ಬರೆಯುತ್ತಿದ್ದೇನೆ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ, ದಿನವಿಡೀ ಕುಳಿತು ಬೆನ್ನು ಹಿಡಿದುಕೊಂಡಾಗ ಜೂಡೋ ಕಲಿಯಲು ಹೋದೆ. ಆ ವಿದ್ಯೆಯನ್ನು ಕಟ್ಟಿದವರು ಜಪಾನಿನ ಜಿಗೊರೊ ಕಾನೊ. ಅವರ ಜೀವನವನ್ನು ಓದಿದಾಗ ನನಗೆ ಹಿಡಿಸಿದ್ದು ಒಂದು ಸಂಗತಿ: ಅವರು ಜಟ್ಟಿಯಾಗಿ ಹೆಸರು ಮಾಡಿದರೂ ಬದುಕಿದ್ದು ಶಾಲಾ ಮೇಷ್ಟ್ರಾಗಿ.

ಕಾನೊ ಹುಟ್ಟಿದ್ದು 1860ರಲ್ಲಿ, ಕೋಬೆ ಬಳಿಯ ಮಿಕಾಗೆ ಎಂಬ ಊರಿನಲ್ಲಿ. ಅಕ್ಕಿಯ ಮದ್ಯ ತಯಾರಿಸುವ ಅನುಕೂಲಸ್ಥ ಮನೆತನ. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡು, ಓದಲು ಟೋಕಿಯೋಗೆ ಬಂದರು. ಓದಿನಲ್ಲಿ ಚುರುಕು, ಆದರೆ ಕುಳ್ಳು, ಸಣಕಲು ಮೈ. ಹಾಸ್ಟೆಲಿನಲ್ಲಿ ದೊಡ್ಡ ಹುಡುಗರು ಹಿಡಿದು ಬಡಿಯುತ್ತಿದ್ದರು. ಜುಜುತ್ಸು ಎಂಬ ಹಳೆಯ ಕಾಳಗದ ವಿದ್ಯೆ ಕಲಿತರೆ ಸಣ್ಣವನೂ ದೊಡ್ಡವನನ್ನು ಕೆಡವಬಹುದು ಎಂದು ಕೇಳಿ ಗುರುವನ್ನು ಹುಡುಕತೊಡಗಿದರು. 1868ರ ನಂತರ ಸಮುರಾಯಿಗಳ ಕಾಲ ಮುಗಿದು ಆ ವಿದ್ಯೆಗೆ ಬೆಲೆ ಹೋಗಿತ್ತು. ಅದನ್ನು ಬಲ್ಲ ಹಲವರು ಮೂಳೆ ಕಟ್ಟುವ ವೈದ್ಯರಾಗಿ ಹೊಟ್ಟೆ ಹೊರೆಯುತ್ತಿದ್ದರು. ಕಾನೊ ಅಂಥ ವೈದ್ಯರನ್ನೇ ವಿಚಾರಿಸುತ್ತ ಹೋಗಿ, 1877ರಲ್ಲಿ ಫುಕುದಾ ಹಚಿನೊಸುಕೆ ಎಂಬ ಗುರುವನ್ನು ಕಂಡುಕೊಂಡರು. ಆಗಲೇ ಅವರು ವಿಶ್ವವಿದ್ಯಾಲಯದ ವಿದ್ಯಾರ್ಥಿ.

ಅಲ್ಲಿ ತಮಗಿಂತ ಬಹಳ ಭಾರಿಯಾದ ಒಬ್ಬ ಸಹಪಾಠಿಯನ್ನು ಅವರಿಂದ ಕೆಡವಲಾಗಲಿಲ್ಲ. ಸುಮೋ ಪಟ್ಟುಗಳನ್ನು ನೋಡಿದರು, ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ತೆಗೆದರು. ಎದುರಾಳಿಯನ್ನು ಹೆಗಲ ಮೇಲೆ ಹೊತ್ತು ಆಚೆಗೆ ಇಳಿಸುವ ಒಂದು ಪಟ್ಟನ್ನು ಸಿದ್ಧಮಾಡಿಕೊಂಡು ಅವನನ್ನು ಕೆಡವಿದರು. ಆ ಪಟ್ಟನ್ನು ಇಂದಿಗೂ ಕಲಿಸುತ್ತಾರೆ.

1882ರಲ್ಲಿ, ಇಪ್ಪತ್ತೆರಡೂ ತುಂಬದ ವಯಸ್ಸಿನಲ್ಲಿ, ಟೋಕಿಯೋದ ಎಯಿಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ ಕೊಡೊಕಾನ್ ಶಾಲೆ ತೆರೆದರು. ಮೊದಲ ವರ್ಷ ಒಂಬತ್ತು ಜನ ಶಿಷ್ಯರು. ಜುಜುತ್ಸುವಿನ ಅಪಾಯದ ಪೆಟ್ಟುಗಳನ್ನು ದಿನನಿತ್ಯದ ಸೆಣಸಾಟದಿಂದ ತೆಗೆದರು. ಪೆಟ್ಟಾಗದಂತೆ ಬೀಳುವುದನ್ನು ಮೊದಲ ಪಾಠವಾಗಿಸಿದರು. ತೆಂಗಿನಕಾಯಿ ಮೂಟೆ ಎತ್ತುವವರು ಮೊದಲು ಮೂಟೆಯನ್ನು ಓಲಿಸಿ ಆಮೇಲೆ ಹೆಗಲಿಗೇರಿಸುವುದನ್ನು ನಾವು ನೋಡಿದ್ದೇವೆ. ಜೂಡೋದ ಗುಟ್ಟೂ ಅದೇ. ಎದುರಾಳಿಯ ತೂಕ ತಪ್ಪಿಸಿದ ಮೇಲೆ ಕೆಡವಲು ಹೆಚ್ಚು ಬಲ ಬೇಡ. ವಿದ್ಯೆಯ ಹೆಸರನ್ನೂ ಬದಲಿಸಿದರು. ಜು ಎಂದರೆ ಮೃದು, ಡೊ ಎಂದರೆ ದಾರಿ. ತನ್ನ ಶಕ್ತಿಯನ್ನು ಒಳ್ಳೆಯ ರೀತಿಯಲ್ಲಿ ಬಳಸುವುದು, ತಾನೂ ಎದುರಿನವನೂ ಜೊತೆಯಾಗಿ ಮೇಲೆ ಬರುವುದು, ಇವೆರಡೇ ಅದರ ಗುರಿ ಎಂದು ಸಾರಿದರು. ಬಡಿಸಿಕೊಂಡ ಹುಡುಗ ಸೇಡಿಗಾಗಿ ಕಲಿಯಹೊರಟ ವಿದ್ಯೆ ಹೀಗೆ ಪಾಠವಾಯಿತು. 1893ರಿಂದ ಹೆಣ್ಣುಮಕ್ಕಳಿಗೂ ಕಲಿಸಿದರು.

ಹೊಟ್ಟೆಪಾಡಿಗೆ ಮಾತ್ರ ಮೇಷ್ಟ್ರ ಕೆಲಸವೇ. ಕುಮಾಮೊಟೊ ನಗರದಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, 1893ರಿಂದ 1920ರವರೆಗಿನ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಟೋಕಿಯೋದ ಶಿಕ್ಷಕರ ತರಬೇತಿ ಕಾಲೇಜನ್ನು ನಡೆಸಿದರು. ಮುಂದೆ ಮೇಷ್ಟ್ರಾಗುವವರು ಓಡಬೇಕು, ಈಜಬೇಕು ಎಂದು ಹುರಿದುಂಬಿಸಿದರು. ಚೀನಾದಿಂದ ಬಂದ ವಿದ್ಯಾರ್ಥಿಗಳಿಗೂ ಶಾಲೆ ತೆರೆದರು. ಲೇಖಕ ಲು ಷುನ್ ಓದಿದ್ದು ಅಲ್ಲಿ.

1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಏಷ್ಯಾದ ಮೊದಲ ಸದಸ್ಯರಾದರು. 1912ರ ಸ್ಟಾಕ್‌ಹೋಮ್ ಕೂಟಕ್ಕೆ ಜಪಾನ್ ಮೊದಲ ಸಲ ಹೋದಾಗ ಆಟಗಾರರು ಇಬ್ಬರೇ. ಅವರಲ್ಲಿ ಮ್ಯಾರಥಾನ್ ಓಟಗಾರ ಕನಕುರಿ ಶಿಜೊ ಕಾನೊ ಅವರ ಕಾಲೇಜಿನ ಹುಡುಗ. ಬಿಸಿಲಿಗೆ ಸೋತು ಓಟ ಮುಗಿಸಲಾಗಲಿಲ್ಲ. ಆದರೂ ಜಪಾನಿನಲ್ಲಿ ದೂರದ ಓಟವನ್ನು ಬೆಳೆಸಿದವನು ಅವನೇ. ಜೂಡೋ ನಮ್ಮ ದೇಶಕ್ಕೂ ಶಾಲೆಯ ಮೂಲಕವೇ ಬಂತು. ರವೀಂದ್ರನಾಥ ಠಾಕೂರರ ಆಹ್ವಾನದ ಮೇರೆಗೆ 1929ರಲ್ಲಿ ಶಿಂಜೊ ತಕಗಾಕಿ ಶಾಂತಿನಿಕೇತನಕ್ಕೆ ಬಂದು ಕಲಿಸಿದರು.

1938ರಲ್ಲಿ ಕೈರೋದ ಒಲಿಂಪಿಕ್ ಸಭೆ ಮುಗಿಸಿ ಹಡಗಿನಲ್ಲಿ ಮರಳುವಾಗ, ಮೇ 4ರಂದು ಕಾನೊ ತೀರಿಕೊಂಡರು. ಆಗ 77 ವರ್ಷ. ಟೋಕಿಯೋದಲ್ಲಿ ನಡೆಯಬೇಕಿದ್ದ 1940ರ ಒಲಿಂಪಿಕ್ಸ್ ಯುದ್ಧದಿಂದ ನಿಂತಿತು. 1964ರಲ್ಲಿ ಅದೇ ಊರಿನಲ್ಲಿ ಜೂಡೋ ಒಲಿಂಪಿಕ್ಸ್ ಸೇರಿತು.

ಎಸ್.ಎಸ್.ಎಲ್.ಸಿ. ಬಂತೆಂದರೆ ಆಟದ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುವುದು ಎಷ್ಟೋ ಶಾಲೆಗಳಲ್ಲಿ ವಾಡಿಕೆ. ಆಟವೂ ಪಾಠವೇ ಎಂದು ಒಬ್ಬ ಹೆಡ್‌ಮಾಸ್ಟರು ನೂರು ವರ್ಷದ ಹಿಂದೆ ಮಾಡಿ ತೋರಿಸಿದ್ದಾರೆ. ನಮ್ಮ ಸೀಮೆಗೆ ಗರಡಿಮನೆ ಹೊಸದಲ್ಲ, ಪಟ್ಟು ಹೊಸದಲ್ಲ. ಹಳೆಯ ವಿದ್ಯಾರ್ಥಿಗಳಾದ ನಾವು ಶಾಲೆಗೆ ಕಂಪ್ಯೂಟರ್ ಕೊಡಿಸುವಾಗ ನಾಲ್ಕು ಮ್ಯಾಟನ್ನೂ ಕೊಡಿಸೋಣ. ದುರ್ಗದ ಬೆಟ್ಟದ ಕೆಳಗೆ ಓದುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬೀಳುವುದನ್ನೂ ಏಳುವುದನ್ನೂ ಶಾಲೆಯಲ್ಲೇ ಕಲಿಯಲಿ. ಗುರುಗಳು ಆ ಪೀರಿಯಡ್ಡನ್ನು ಉಳಿಸಿಕೊಡಲಿ ಎಂದು ಕೈಮುಗಿದು ಕೇಳುತ್ತೇನೆ.