ಮದ್ರಾಸಲ್ಲಿದ್ದೇ ಕನ್ನಡದಲ್ಲಿ ನಗಿಸಿದ ಮೇಷ್ಟ್ರು

ರಾಯದುರ್ಗ, ಮಡಕಶಿರಾ ಹೊಲಗಳ ಕಡಲೆಕಾಯಿ ಮೂಲದಲ್ಲಿ ನಮ್ಮ ನೆಲದ್ದಲ್ಲ, ದಕ್ಷಿಣ ಅಮೆರಿಕದ್ದು! ಇಂಥ ಸಂಗತಿಗಳನ್ನು ನಗಿಸುತ್ತಲೇ ತಿಳಿಸಿದವರು ಡಿ.ವಿ.ಜಿ. ಅವರ ಮಗ, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಅನ್ನೋ ಹೆಸರೇ ಸಾಕು, ಮಕ್ಕಳು ಪುಸ್ತಕ ಕೈಗೆತ್ತಿಕೊಳ್ಳೋಕೆ. ಅದು ಮಕ್ಕಳಿಗೆಂದೇ ಬರೆದದ್ದಲ್ಲ ಅನ್ನೋದು ಬೇರೆ ಮಾತು.

ಸ್ವಾಮಿ ಪಾಠ ಹೇಳಿದ್ದು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಸುತ್ತ ತಮಿಳು, ಸಂಶೋಧನಾ ಪ್ರಬಂಧಗಳು ಇಂಗ್ಲಿಷಿನಲ್ಲಿ. ಆದರೆ ಜನರಿಗೆ ಗಿಡಮರದ ಕಥೆ ಹೇಳಿದ್ದು ಕನ್ನಡದಲ್ಲೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇನ್ನೊಂದು ಭಾಷೆ ಅನ್ನೋ ಗಡಿಯಾಚೆಯ ಕುಟುಂಬಗಳಿಗೆ ಈ ಬದುಕು ಗೊತ್ತಿರೋದೇ.

ವಿದ್ಯಾರ್ಥಿಗಳನ್ನು ಕಾಡಿಗೆ ಕರ್ಕೊಂಡು ಹೋಗಿ ಗಿಡ ಗುರುತಿಸೋದನ್ನ ಕಲಿಸೋರು. ಆ ಪ್ರವಾಸಗಳ ಪೇಚಾಟ, ತಮಾಷೆಯೇ ‘ಹಸುರು ಹೊನ್ನು’. ಚಿತ್ರಗಳನ್ನೂ ತಾವೇ ಬಿಡಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1980ರಲ್ಲಿ ಸ್ವಾಮಿ ತೀರಿಕೊಂಡರು.