ಡೆನಿಸ್ ಬರ್ಕಿಟ್

ಡೆನಿಸ್ ಪಾರ್ಸನ್ಸ್ ಬರ್ಕಿಟ್ (ಫೆಬ್ರವರಿ 28, 1911 – ಮಾರ್ಚ್ 23, 1993) ಐರ್ಲೆಂಡ್ ಮೂಲದ ಶಸ್ತ್ರವೈದ್ಯರು. ಆಫ್ರಿಕಾದ ಮಕ್ಕಳನ್ನು ಬಾಧಿಸುವ, ಈಗ 'ಬರ್ಕಿಟ್ ಲಿಂಫೋಮಾ' ಎಂದು ಕರೆಯಲಾಗುವ ದುಗ್ಧರಸ ಅಂಗಾಂಶದ ಕ್ಯಾನ್ಸರನ್ನು ಇವರು ವಿವರಿಸಿದರು. ಮಾನವರ ಕ್ಯಾನ್ಸರಿಗೆ ಸಂಬಂಧಿಸಿದ ಮೊದಲ ವೈರಾಣುವಿನ ಪತ್ತೆಗೆ ಇವರ ಅಧ್ಯಯನವೇ ದಾರಿಯಾಯಿತು.

ಆರಂಭಿಕ ಜೀವನ

ಬರ್ಕಿಟ್ ಈಗಿನ ಉತ್ತರ ಐರ್ಲೆಂಡಿನ ಎನಿಸ್ಕಿಲನ್‌ನಲ್ಲಿ ಜನಿಸಿದರು. ಬಾಲ್ಯದಲ್ಲಿ ಅಪಘಾತವೊಂದರಲ್ಲಿ ಬಲಗಣ್ಣನ್ನು ಕಳೆದುಕೊಂಡರು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಎಂಜಿನಿಯರಿಂಗ್ ಓದಲು ಸೇರಿದ ಅವರು ಬಳಿಕ ವೈದ್ಯಶಾಸ್ತ್ರಕ್ಕೆ ಬದಲಾಯಿಸಿಕೊಂಡು 1935ರಲ್ಲಿ ಪದವಿ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದು, 1946ರಲ್ಲಿ ಉಗಾಂಡಾಕ್ಕೆ ತೆರಳಿದರು.

ಸಂಶೋಧನೆ

1957ರಲ್ಲಿ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ, ಮೇಲಿನ ಮತ್ತು ಕೆಳಗಿನ ದವಡೆಗಳ ಎರಡೂ ಬದಿಗಳಲ್ಲಿ ಗಡ್ಡೆಗಳಿದ್ದ ಬಾಲಕನನ್ನು ಪರೀಕ್ಷಿಸಿದರು. ಕೆಲವೇ ವಾರಗಳಲ್ಲಿ ಬೇರೊಂದು ಊರಿನಲ್ಲಿಯೂ ಅಂಥದೇ ರೋಗಿ ಕಂಡುಬಂದಾಗ ಹಳೆಯ ದಾಖಲೆಗಳನ್ನು ಪರಿಶೀಲಿಸಿ, 1958ರಲ್ಲಿ ಲೇಖನ ಪ್ರಕಟಿಸಿದರು. 1961ರಲ್ಲಿ ಇಬ್ಬರು ವೈದ್ಯ ಮಿತ್ರರೊಡನೆ ಕಾರಿನಲ್ಲಿ ಸುಮಾರು 16,000 ಕಿ.ಮೀ. ಸಂಚರಿಸಿ, ರೋಗವು ಬಿಸಿ ಮತ್ತು ತೇವದ ಪ್ರದೇಶಗಳಿಗೆ ಸೀಮಿತವೆಂದು ತೋರಿಸಿದರು. ಈ ಪ್ರದೇಶವು ಮಲೇರಿಯಾದ ವ್ಯಾಪ್ತಿಯನ್ನು ಹೋಲುತ್ತಿತ್ತು.

ಅದೇ ವರ್ಷ ಲಂಡನ್ನಿನಲ್ಲಿ ಅವರ ಉಪನ್ಯಾಸ ಕೇಳಿದ ಆಂಥೊನಿ ಎಪ್‌ಸ್ಟೈನ್, ರೋಗಕ್ಕೆ ವೈರಾಣು ಕಾರಣವಿರಬಹುದೆಂದು ಶಂಕಿಸಿದರು. ಬರ್ಕಿಟ್ ವಿಮಾನದ ಮೂಲಕ ಗಡ್ಡೆಯ ಮಾದರಿಗಳನ್ನು ಕಳುಹಿಸುತ್ತಿದ್ದರು. 1964ರಲ್ಲಿ ಎಪ್‌ಸ್ಟೈನ್, ಬರ್ಟ್ ಅಚಾಂಗ್ ಮತ್ತು ಇವಾನ್ ಬಾರ್ ಅವುಗಳಿಂದ ಬೆಳೆಸಿದ ಜೀವಕೋಶಗಳಲ್ಲಿ ಹೊಸ ವೈರಾಣುವನ್ನು ಕಂಡರು. ಅದಕ್ಕೆ ಎಪ್‌ಸ್ಟೈನ್–ಬಾರ್ ವೈರಾಣು ಎಂಬ ಹೆಸರು ಬಂದಿತು. ಈ ಸೋಂಕು ಪ್ರಪಂಚದಾದ್ಯಂತ ಬಹುತೇಕ ವಯಸ್ಕರಲ್ಲಿದ್ದರೂ ಕೆಲವರಲ್ಲಿ ಮಾತ್ರ ಕ್ಯಾನ್ಸರ್ ಉಂಟಾಗುತ್ತದೆ. ಪದೇ ಪದೇ ಬರುವ ಮಲೇರಿಯಾ ಸಹಕಾರಕ ಅಂಶವೆಂದು ಪರಿಗಣಿಸಲಾಗಿದೆ.

ಚಿಕಿತ್ಸೆ

ಅತಿ ವೇಗವಾಗಿ ಬೆಳೆಯುವ ಈ ಗಡ್ಡೆಗಳನ್ನು ಶಸ್ತ್ರಚಿಕಿತ್ಸೆಯಿಂದ ಗುಣಪಡಿಸಲಾಗುತ್ತಿರಲಿಲ್ಲ. ಕಂಪಾಲಾದಲ್ಲಿ ವಿಕಿರಣ ಚಿಕಿತ್ಸೆಯ ಸೌಲಭ್ಯವೂ ಇರಲಿಲ್ಲ. ಆದ್ದರಿಂದ ಬರ್ಕಿಟ್ ಮೆಥೊಟ್ರೆಕ್ಸೇಟ್, ಸೈಕ್ಲೊಫಾಸ್ಫಮೈಡ್ ಮುಂತಾದ ಔಷಧಗಳನ್ನು ಪ್ರಯೋಗಿಸಿದರು. ಅಲ್ಪ ಪ್ರಮಾಣದ ಔಷಧಕ್ಕೇ ಗಡ್ಡೆಗಳು ಕರಗಿ, ಕೆಲವು ಮಕ್ಕಳು ದೀರ್ಘಕಾಲ ರೋಗಮುಕ್ತರಾಗಿ ಉಳಿದರು. ರೋಗಿಯ ಸ್ವಂತ ರೋಗನಿರೋಧಕ ಶಕ್ತಿಯೂ ಇದಕ್ಕೆ ನೆರವಾಗಿರಬೇಕೆಂದು ಅವರು ಭಾವಿಸಿದರು. ಔಷಧಗಳಿಂದಲೇ ಕ್ಯಾನ್ಸರನ್ನು ಗುಣಪಡಿಸಬಹುದೆಂಬುದಕ್ಕೆ ಇದು ಆರಂಭಿಕ ನಿದರ್ಶನಗಳಲ್ಲೊಂದಾಯಿತು.

ನಂತರದ ಜೀವನ

ಇಂಗ್ಲೆಂಡಿಗೆ ಮರಳಿದ ಮೇಲೆ ಆಹಾರದಲ್ಲಿನ ನಾರಿನಂಶದ ಮಹತ್ವವನ್ನು ಪ್ರಚಾರ ಮಾಡಿದರು. 1972ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1993ರಲ್ಲಿ ಗ್ಲಾಸ್ಟರ್‌ನಲ್ಲಿ ನಿಧನರಾದರು.