ರಮಣ ಮಹರ್ಷಿಗಳೂ ಪ್ರಾಣಾಯಾಮವೂ

ಪ್ರಾಣಾಯಾಮವೆಂದರೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ಎದುರಿಗೆ ಗಡಿಯಾರವಿಟ್ಟುಕೊಂಡು ಮೂಗು ಹಿಡಿದು ಕೂಡುವುದೆಂದೇ ಅರ್ಥ. ಯಾರು ಹೆಚ್ಚು ಹೊತ್ತು ಉಸಿರು ಕಟ್ಟಿದರೆಂಬುದೇ ಅಲ್ಲಿ ಪಂದ್ಯ. ಉಸಿರು ಕಟ್ಟಿದಾಗ ಮನಸ್ಸು ನಿಲ್ಲುವುದೇನೋ ನಿಜ. ಉಸಿರು ಬಿಟ್ಟೊಡನೆ ಅದು ಮತ್ತೆ ಪರೀಕ್ಷೆಯ ಚಿಂತೆಗೆ ಓಡುತ್ತದೆ. ಹಾಗಾದರೆ ಈ ಸಾಧನೆಯಿಂದ ಬಂದ ಲಾಭವೇನು? ತಿರುವಣ್ಣಾಮಲೆಯ ಶ್ರೀ ರಮಣ ಮಹರ್ಷಿಗಳ ಜೀವನವನ್ನು ಓದುವಾಗ ಈ ಪ್ರಶ್ನೆಗೆ ನನಗೆ ಅತ್ಯಂತ ಸ್ಪಷ್ಟವಾದ ಉತ್ತರ ದೊರೆಯಿತು. ಅದಕ್ಕಾಗಿಯೇ ಈ ಲೇಖನ.

ಮಹರ್ಷಿಗಳು ಹುಟ್ಟಿದ್ದು 1879ರ ಡಿಸೆಂಬರ್ 30ರಂದು, ತಮಿಳುನಾಡಿನ ತಿರುಚ್ಚುಳಿಯಲ್ಲಿ. ಹೆಸರು ವೆಂಕಟರಾಮನ್. ತಂದೆ ಸುಂದರಮಯ್ಯರ್ ವಕೀಲರು, ತಾಯಿ ಅಳಗಮ್ಮಾಳ್. 1892ರಲ್ಲಿ ತಂದೆ ತೀರಿಕೊಂಡ ಮೇಲೆ ಹುಡುಗ ಮಧುರೆಯಲ್ಲಿ ಚಿಕ್ಕಪ್ಪನ ಮನೆ ಸೇರಿದ. ಓದಿನಲ್ಲಿ ಅಂಥ ಆಸಕ್ತಿಯಿರಲಿಲ್ಲ; ಆಟ, ಕುಸ್ತಿಗಳಲ್ಲಿ ಮುಂದು. ಯೋಗಶಾಸ್ತ್ರದ ಹೆಸರೂ ಅವನಿಗೆ ಗೊತ್ತಿರಲಿಲ್ಲ.

1896ರ ಜುಲೈ ತಿಂಗಳಲ್ಲಿ ಒಂದು ದಿನ ಅವನು ಮನೆಯ ಮಹಡಿಯಲ್ಲಿ ಒಬ್ಬನೇ ಕುಳಿತಿದ್ದ. ಕಾಯಿಲೆಯೇನೂ ಇರಲಿಲ್ಲ; ಆದರೂ ಇದ್ದಕ್ಕಿದ್ದಂತೆ ತಾನು ಸಾಯುತ್ತಿದ್ದೇನೆಂಬ ಭಯ ಹಿಡಿಯಿತು. ಆಗ ಅವನಿಗೆ 16 ವರ್ಷ. ಬೇರೆ ಯಾರಾದರೂ ಆಗಿದ್ದರೆ ಕೂಗಿಕೊಂಡು ಹೊರಗೋಡುತ್ತಿದ್ದರು. ಅವನು ಯಾರನ್ನೂ ಕರೆಯಲಿಲ್ಲ. ಹೆಣದಂತೆ ಕೈಕಾಲು ಚಾಚಿ ಮಲಗಿದ, ಉಸಿರನ್ನು ಬಿಗಿಹಿಡಿದ, ಒಂದು ಶಬ್ದವೂ ಹೊರಬೀಳದಂತೆ ತುಟಿಗಳನ್ನು ಒತ್ತಿಕೊಂಡ. ಈ ದೇಹ ಸತ್ತಿತು, ಇದನ್ನು ಸ್ಮಶಾನಕ್ಕೆ ಒಯ್ಯುವರು. ಆದರೆ ಇದರೊಡನೆ ತಾನು ಸತ್ತೆನೇ ಎಂದು ಒಳಗೇ ಕೇಳಿಕೊಂಡ. ದೇಹ ಜಡವಾಗಿ ಬಿದ್ದಿದ್ದರೂ ‘ನಾನು’ ಎಂಬ ಅರಿವು ಪೂರ್ಣಬಲದಿಂದ ಬೆಳಗುತ್ತಿರುವುದು ಅವನಿಗೆ ಪ್ರತ್ಯಕ್ಷವಾಯಿತು. ಸಾವಿನ ಭಯ ಅಂದು ಹೋದದ್ದು ಮರಳಿ ಬರಲೇ ಇಲ್ಲ.

ಈ ಘಟನೆಯನ್ನು ಪವಾಡವೆಂದು ಕೈಮುಗಿದು ಮುಂದೆ ಸಾಗುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಇಲ್ಲಿ ಗಮನಿಸಬೇಕಾದದ್ದು ಆ ಬಿಗಿಹಿಡಿದ ಉಸಿರು. ಹುಡುಗ ಕುಂಭಕವನ್ನು ಅಭ್ಯಾಸ ಮಾಡಲು ಉಸಿರು ಹಿಡಿಯಲಿಲ್ಲ. ಪ್ರಶ್ನೆ ಅಷ್ಟು ತೀವ್ರವಾಗಿದ್ದುದರಿಂದ ಅದಕ್ಕೆ ಅಡ್ಡಬರುವುದನ್ನೆಲ್ಲ ನಿಲ್ಲಿಸಿದ, ಉಸಿರೂ ಅದರಲ್ಲೊಂದಾಯಿತು.

ಅದೇ ವರ್ಷದ ಆಗಸ್ಟ್ 29ರಂದು ಅವನು ಮನೆ ಬಿಟ್ಟ. ಇಂಗ್ಲಿಷ್ ವ್ಯಾಕರಣದ ಪಾಠವನ್ನು ಮೂರು ಸಲ ಬರೆಯಬೇಕೆಂಬ ಶಿಕ್ಷೆ ಶಾಲೆಯಲ್ಲಾಗಿತ್ತು. ಬರೆಯುತ್ತಿದ್ದಂತೆಯೇ ಅದನ್ನು ಬದಿಗಿಟ್ಟು ಧ್ಯಾನಕ್ಕೆ ಕುಳಿತುಬಿಟ್ಟ. ಅಣ್ಣ ನಾಗಸ್ವಾಮಿ ಕಟುವಾಗಿ ಆಡಿದ ಒಂದು ಮಾತು ಅವನಿಗೆ ನ್ಯಾಯವೆಂದೇ ತೋರಿತು. ಅಣ್ಣನ ಕಾಲೇಜು ಫೀಜು ಕಟ್ಟಲೆಂದು ದೊರೆತ 5 ರೂಪಾಯಿಯಲ್ಲಿ 3 ರೂಪಾಯಿ ಮಾತ್ರ ತೆಗೆದುಕೊಂಡು, ಉಳಿದ 2 ರೂಪಾಯಿಯನ್ನು ಚೀಟಿಯೊಡನೆ ಇಟ್ಟು ಹೊರಟ. ಸೆಪ್ಟೆಂಬರ್ 1ರಂದು ತಿರುವಣ್ಣಾಮಲೆಯನ್ನು ತಲಪಿದವರು ಮತ್ತೆ ಆ ಊರು ಬಿಟ್ಟು ಹೋಗಲಿಲ್ಲ.

ದೇವಾಲಯದ ಪಾತಾಳಲಿಂಗದ ಗುಹೆಯಲ್ಲಿ ಹುಳುಹುಪ್ಪಟೆ ಕಚ್ಚಿದರೂ ಅರಿವಿಲ್ಲದೆ ಕುಳಿತದ್ದು, ಜನ ಎತ್ತಿ ಹೊರತಂದದ್ದು, ಇವೆಲ್ಲ ಬಲ್ಲವರಿಗೆ ತಿಳಿದ ಸಂಗತಿಗಳೇ. 1899ರಿಂದ ಅರುಣಾಚಲ ಬೆಟ್ಟದ ವಿರೂಪಾಕ್ಷ ಗುಹೆ ಅವರ ವಾಸಸ್ಥಾನವಾಯಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಗಂಭೀರಂ ಶೇಷಯ್ಯ ಎಂಬ ಪುರಸಭೆಯ ಓವರ್ಸಿಯರ್ ಒಬ್ಬರು. ರಾಮಭಕ್ತರು, ವಿವೇಕಾನಂದರ ರಾಜಯೋಗವನ್ನು ಓದುತ್ತಿದ್ದರು. ಅರ್ಥವಾಗದ್ದನ್ನು ಮೌನದಲ್ಲಿದ್ದ ಸ್ವಾಮಿಗಳಲ್ಲಿ ಕೇಳುವರು. ಸ್ವಾಮಿಗಳು ಚೀಟಿಗಳಲ್ಲಿ ಬರೆದು ಕೊಡುವರು. 1900ರಿಂದ 1902ರವರೆಗಿನ ಆ ಚೀಟಿಗಳೇ ಮುಂದೆ ‘ವಿಚಾರ ಸಂಗ್ರಹ’ವಾದವು. 1902ರಲ್ಲಿ ಶಿವಪ್ರಕಾಶಂ ಪಿಳ್ಳೆಯವರು ಕೇಳಿದ ಪ್ರಶ್ನೆಗಳಿಂದ ‘ನಾನು ಯಾರು?’ ಎಂಬ ಪುಸ್ತಿಕೆ ಹುಟ್ಟಿತು.

ಪ್ರಾಣಾಯಾಮದ ವಿಷಯದಲ್ಲಿ ಅವರ ನಿಲುವು ಹೀಗೆ: ಉಸಿರೂ ಮನಸ್ಸೂ ಒಂದೇ ಮೂಲದಿಂದ ಏಳುವುವು, ಒಂದು ಅಡಗಿದರೆ ಇನ್ನೊಂದೂ ಅಡಗುವುದು. ಹಾಗಾದರೆ ಗಾಢನಿದ್ರೆಯಲ್ಲಿ ಮನಸ್ಸು ಅಡಗಿದರೂ ಉಸಿರಾಡುತ್ತೇವಲ್ಲ? ಅದು ದೇಹರಕ್ಷಣೆಗಾಗಿ, ಮಲಗಿದವನು ಸತ್ತನೆಂದು ನೋಡಿದವರು ಭ್ರಮಿಸದಿರಲೆಂದು, ಈಶ್ವರ ಮಾಡಿದ ಏರ್ಪಾಡೆಂದು ಅವರ ವಿವರಣೆ. ವಿಚಾರಕ್ಕೆ ನೇರವಾಗಿ ಇಳಿಯಲಾರದ ಚಂಚಲ ಮನಸ್ಸಿಗೆ ಪ್ರಾಣನಿರೋಧ ಕಡಿವಾಣದಂತೆ. ಆದರೆ ಕುದುರೆಗೆ ಕಡಿವಾಣ ಹಾಕಿದ ಮಾತ್ರಕ್ಕೆ ಊರು ಸೇರಿದಂತಾಗಲಿಲ್ಲ.

ಯೋಗಗ್ರಂಥಗಳಲ್ಲಿ ಪೂರಕ, ಕುಂಭಕ, ರೇಚಕಗಳಿಗೆ 1:4:2 ಎಂಬ ಲೆಕ್ಕ ಪ್ರಸಿದ್ಧವಾಗಿದೆ. ಮಹರ್ಷಿಗಳು ಇದನ್ನು ಅಲ್ಲಗಳೆಯಲಿಲ್ಲ. ಜ್ಞಾನಮಾರ್ಗದಲ್ಲಿ ಈ ಮಾತುಗಳಿಗೆ ಬೇರೆ ಅರ್ಥವಿದೆಯೆಂದರು. ದೇಹವೇ ನಾನೆಂಬ ಭಾವವನ್ನು ಹೊರಹಾಕುವುದು ರೇಚಕ, ನಾನು ಯಾರೆಂದು ಒಳಗೆ ಅರಸುವುದು ಪೂರಕ, ಕಂಡದ್ದರಲ್ಲಿ ನಿಲ್ಲುವುದು ಕುಂಭಕ. ಗುರುವಿನ ನೆರವಿಲ್ಲದವರು ಉಸಿರನ್ನು ಬಲವಂತದಿಂದ ಕಟ್ಟದೆ, ಅದರ ಹೋಗುಬರುವಿಕೆಯನ್ನು ಸುಮ್ಮನೆ ಗಮನಿಸುತ್ತಿದ್ದರೂ ಸಾಕೆಂದು ಹೇಳುತ್ತಿದ್ದರು. ನಮ್ಮಂಥವರಿಗೆ ಇದಕ್ಕಿಂತ ನಿರಪಾಯವಾದ ಮಾರ್ಗ ಯಾವುದಿದೆ?

ಅವರು ಒಂದು ಕಥೆ ಹೇಳುವುದುಂಟು. ಗಂಗಾತೀರದ ಯೋಗಿಯೊಬ್ಬ ಸಮಾಧಿಯಿಂದ ಎದ್ದು, ಬಾಯಾರಿಕೆಯಾಗಿ ಶಿಷ್ಯನಿಗೆ ನೀರು ತರಲು ಹೇಳಿದ. ನೀರು ಬರುವಷ್ಟರಲ್ಲಿ ಮತ್ತೆ ಸಮಾಧಿಗೆ ಜಾರಿದ. ಶತಮಾನಗಳು ಕಳೆದುವು, ಶಿಷ್ಯನಿಲ್ಲ, ರಾಜ್ಯಗಳೂ ಬದಲಾದುವು. ಎಚ್ಚತ್ತ ಯೋಗಿಯ ಮೊದಲ ಮಾತು ನೀರೆಲ್ಲಿ ಎಂದು! ಮನಸ್ಸು ಅಷ್ಟು ಕಾಲ ಅಡಗಿತ್ತೇ ಹೊರತು ಅಳಿದಿರಲಿಲ್ಲ. ಲಯ ಬೇರೆ, ನಾಶ ಬೇರೆ. 1927ರಲ್ಲಿ ಮುರುಗನಾರರ ಕೋರಿಕೆಯಂತೆ ರಚಿಸಿದ 30 ಪದ್ಯಗಳ ‘ಉಪದೇಶಸಾರ’ದಲ್ಲಿಯೂ ಅವರು ಈ ಭೇದವನ್ನು ಒತ್ತಿ ಹೇಳಿದ್ದಾರೆ. ಉಸಿರಿನಿಂದ ಅಡಗಿದ ಮನಸ್ಸನ್ನು ನಿದ್ದೆಹೋಗಲು ಬಿಡದೆ, ಆ ಶಾಂತಿಯಲ್ಲೇ ವಿಚಾರಕ್ಕೆ ತಿರುಗಿಸಬೇಕು. ಇಲ್ಲದಿದ್ದರೆ ಹಳೆಯ ಬಾಯಾರಿಕೆ ಹಾಗೆಯೇ ಕಾದಿರುತ್ತದೆ.

1922ರ ಮೇ 19ರಂದು ತಾಯಿಯ ಕೊನೆಗಾಲದಲ್ಲಿ, ಮೇಲುಸಿರು ಎಳೆಯುತ್ತಿದ್ದ ಆಕೆಯ ಎದೆಯ ಮೇಲೊಂದು, ತಲೆಯ ಮೇಲೊಂದು ಕೈಯಿಟ್ಟು ಅವರು ಗಂಟೆಗಟ್ಟಲೆ ಕುಳಿತಿದ್ದರು. ಅವರ ಸರದಿ 1950ರಲ್ಲಿ ಬಂತು. ಎಡತೋಳಿನ ಅರ್ಬುದಕ್ಕೆ 1949ರಲ್ಲಿ ನಾಲ್ಕು ಸಲ ಶಸ್ತ್ರಚಿಕಿತ್ಸೆಯಾಗಿ ವ್ಯರ್ಥವಾಗಿತ್ತು. ಏಪ್ರಿಲ್ 14ರ ರಾತ್ರಿ ಹೊರಗೆ ಭಕ್ತರು ಅವರೇ ರಚಿಸಿದ ಅರುಣಾಚಲ ಸ್ತುತಿಯನ್ನು ಹಾಡುತ್ತಿದ್ದರು. ಆಗ ಆಕಾಶದಲ್ಲಿ ಉಲ್ಕೆಯೊಂದು ಹಾದುಹೋದುದನ್ನು ಹಲವರು ಕಂಡರಂತೆ. ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವವನಲ್ಲ. ಒಳಗೆ ಉಸಿರು ನಿಧಾನವಾಗುತ್ತ ಬಂದು, ಯಾವ ಸೆಣಸಾಟವೂ ಇಲ್ಲದೆ, 8 ಗಂಟೆ 47 ನಿಮಿಷಕ್ಕೆ ನಿಂತಿತು.